ಎಡಗಡೆಯ ಸ್ಟೂಲು

ಮಾರ್ಚ್ ೩, ಸೋಮವಾರ. ಸಂಜೆ

ಇವತ್ತೂ ಶೀಟ್ ಮಡಚುವುದೇ. ನರ್ಸಿಂಗ್ ಸಹಾಯಕಿ ಟ್ರೈನಿಂಗಿನ ತರಗತಿ ಮುಗಿಸಿ ಆಸ್ಪತ್ರೆಯ ವಾರ್ಡಿಗೆ ಬಿಟ್ಟಿದ್ದಾರೆ ಎಂದರೆ ಏನೋ ದೊಡ್ಡದು ಕಲಿಸುತ್ತಾರೆ ಅಂದುಕೊಂಡಿದ್ದೆ. ಶೀಟ್ ಎಳೆ, ಮೂಲೆ ಮಡಚು, ದಿಂಬು ತಟ್ಟು. ಬಟ್ಟೆ ಅಂಗಡಿಯಲ್ಲಿ ಇಷ್ಟು ವರ್ಷ ಮಡಚಿದ್ದು ಸಾಲದು ಅಂತ ಇಲ್ಲೂ ಅದೇ. ಒಂದೇ ವ್ಯತ್ಯಾಸ — ಅಂಗಡಿಯ ಬಟ್ಟೆಯ ಮೇಲೆ ಮನುಷ್ಯರು ಮಲಗಿರುತ್ತಿರಲಿಲ್ಲ. ಇಲ್ಲಿ ಮಲಗಿದವರನ್ನು ಹಾಗೇ ಒಂದು ಮಗ್ಗುಲಿಗೆ ಹೊರಳಿಸಿ, ಅರ್ಧ ಹಾಸಿ, ಇತ್ತ ಹೊರಳಿಸಿ, ಇನ್ನರ್ಧ ಎಳೆಯಬೇಕು. ಮೊದಲ ಸಲ ಶೀಟಿನ ಜೊತೆ ನನ್ನ ಕೈಯನ್ನೂ ಹಾಸಿಗೆಯಡಿ ಸಿಕ್ಕಿಸಿಕೊಂಡೆ.

ಕಿಟಕಿ ಪಕ್ಕದ ಹಾಸಿಗೆ ನನ್ನ ಪಾಲಿಗೆ ಬಂದಿದೆ. ಸ್ವಂತ ವ್ಯಾನ್ ಓಡಿಸುತ್ತಿದ್ದವರು, ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ‘ಡ್ರೈವರ್’. ಸ್ಟ್ರೋಕ್. ಎಡಗೈ, ಎಡಗಾಲು ಸೋತಿವೆ. ಮಾತು ನೆಟ್ಟಗಿದೆ, ತಮಾಷೆಯೂ ನೆಟ್ಟಗಿದೆ. “ಹೊಸ ಕ್ಲೀನರ್ರಾ? ಗಾಡಿ ಚೆನ್ನಾಗಿ ತೊಳೀಬೇಕು ನೋಡಮ್ಮ” ಅಂದರು, ಸ್ನಾನದ ಬಕೆಟ್ ಹಿಡಿದು ಹೋದರೆ.

ಒಂದು ವಿಚಿತ್ರ. ಊಟದ ತಟ್ಟೆ ವಾಪಸು ತೆಗೆದುಕೊಳ್ಳುವಾಗ ನೋಡಿದೆ — ಬಲ ಅರ್ಧ ತೊಳೆದಿಟ್ಟಷ್ಟು ಖಾಲಿ, ಎಡ ಅರ್ಧ ಮುಟ್ಟಿಯೇ ಇಲ್ಲ. ನಡುವೆ ಗೆರೆ ಎಳೆದ ಹಾಗೆ. ಎಡಗಡೆ ಇದ್ದದ್ದು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನುವುದಿಲ್ಲವೇನೋ ಅಂತ ಕೇಳಿದೆ. “ಕೊಟ್ರೆ ಯಾರು ಬಿಡ್ತಾರಮ್ಮ? ಕೊಡ್ಬೇಕಲ್ಲ” ಅಂದರು.

ಮೊಟ್ಟೆ ಅವರ ಮುಂದೆಯೇ ಇತ್ತು.

ಮಾರ್ಚ್ ೪, ಮಂಗಳವಾರ

ಕಂಡುಹಿಡಿದೆ! ಬಲ ಅರ್ಧ ಮುಗಿದ ಮೇಲೆ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದೆ. ಎಡಗಡೆಯದು ಬಲಕ್ಕೆ ಬಂತು. “ಅರೆ, ಇನ್ನೊಂದ್ ಸಲ ಬಡಿಸಿದ್ಯಾ? ಮೊದ್ಲೇ ಹೇಳ್ಬಾರ್ದಾ” ಅಂತ ಖುಷಿಯಾಗಿ ತಿಂದರು. ಬೆಳಗ್ಗೆ ಅವರೇ ಶೇವ್ ಮಾಡಿಕೊಂಡಿದ್ದರು, ಬಲಗೆನ್ನೆ ಮಾತ್ರ. ಎಡಗೆನ್ನೆಯ ಗಡ್ಡ ಹಾಗೇ ಇದೆ, ಅವರಿಗೆ ಅದರ ಗೊಡವೆಯೇ ಇಲ್ಲ.

ಓಡಿಹೋಗಿ ಸಿಸ್ಟರಿಗೆ ಹೇಳಿದೆ. (ನನಗಿಂತ ಎಷ್ಟೋ ಚಿಕ್ಕವರು. ನನ್ನನ್ನು ಅಕ್ಕ ಅನ್ನುತ್ತಾರೆ, ಅವರನ್ನು ನಾನು ಸಿಸ್ಟರ್ ಅನ್ನುತ್ತೇನೆ. ಇಬ್ಬರೂ ಅಕ್ಕತಂಗಿಯರೇ, ಬೈಯುವ ಹಕ್ಕು ಮಾತ್ರ ಅವರೊಬ್ಬರದು.) “ಗೊತ್ತಿರೋದೇ ಅಕ್ಕ” ಅಂದರು. ನನ್ನ ಉತ್ಸಾಹಕ್ಕೆ ತಣ್ಣೀರು. ಕಣ್ಣಿನ ದೋಷವಲ್ಲವಂತೆ. ಕಣ್ಣು ಸರಿಯಾಗೇ ಇದೆ, ಮಿದುಳು ಎಡಗಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಆ ಕಡೆ ಇರುವುದೆಲ್ಲ ಅವರ ಪಾಲಿಗೆ ಇಲ್ಲ.

“ಕತ್ತಲೆ ಕಾಣುತ್ತಾ ಸಿಸ್ಟರ್?”

“ನಿಮ್ಮ ತಲೆ ಹಿಂದೆ ಈಗ ಕತ್ತಲೆ ಕಾಣ್ತಿದ್ಯಾ?”

ಇಲ್ಲ. ಕತ್ತಲೆಯೂ ಇಲ್ಲ, ಬೆಳಕೂ ಇಲ್ಲ. ಏನೂ ಇಲ್ಲ.

“ಹಾಗೇ.”

ಆಮೇಲೆ ಬೈಗುಳ. ತಟ್ಟೆ ತಿರುಗಿಸಬಾರದಂತೆ. “ನೀವು ತಟ್ಟೆ ತಿರುಗಿಸಿದ್ರೆ ಅವರ ಕತ್ತು ಯಾಕೆ ತಿರುಗುತ್ತೆ? ಎಡಕ್ಕೆ ಹುಡುಕಿ ಅಂತ ಹೇಳಿ, ಕಾಯಿರಿ. ಕೈ ಹಿಂದೆ ಕಟ್ಕೊಳ್ಳಿ.” ಕೈ ಕಟ್ಟಿಕೊಂಡು ನಿಲ್ಲುವುದೂ ಒಂದು ಕೆಲಸ, ಇಲ್ಲಿ ಅದನ್ನೂ ಕಲಿಯಬೇಕು. ನನ್ನಂಥವಳಿಗೆ ಅದೇ ಕಷ್ಟ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ತಲೆಯ ಹಿಂದೆ ಏನಿದೆ ಅಂತ ಕಾಣಲು ಪ್ರಯತ್ನಪಟ್ಟೆ. ಕಾಣಲಿಲ್ಲ ಅಂತ ತಿರುಗಿ ತಿರುಗಿ ನೋಡಿದೆ. ಹಿಂದಿನ ಸೀಟಿನ ಗಂಡಸು ಎದ್ದು ಬೇರೆ ಕಡೆ ಹೋಗಿ ಕೂತ. ಮನೆಯಲ್ಲಿ ತಟ್ಟೆಯ ಬಲ ಅರ್ಧ ಮಾತ್ರ ತಿಂದು ನೋಡಿದೆ. ಅತ್ತೆ, “ಟ್ರೈನಿಂಗಲ್ಲಿ ಹೊಟ್ಟೆಗೆ ಹಾಕಲ್ವೇನೋ ಅಂದ್ಕೊಂಡಿದ್ದೆ, ಇವಳು ನೋಡಿದ್ರೆ ಹಾಕಿದ್ದನ್ನೂ ಬಿಡ್ತಾಳೆ” ಅಂದರು. ಮಗಳು ಇಣುಕಿ ನೋಡಿ, “ಅಮ್ಮನ ತಂಟೆಗೆ ಹೋಗ್ಬೇಡಿ ಅಜ್ಜಿ, ಹೋಮ್‌ವರ್ಕ್ ಮಾಡ್ತಿದಾಳೆ” ಅಂದಳು.

ಮಾರ್ಚ್ ೬, ಗುರುವಾರ

ಡ್ರೈವರ್ ಹೆಂಡತಿಯ ಬಗ್ಗೆ ಬರೆಯಬೇಕು. ಮನಸ್ಸಿಗೆ ಸಮಾಧಾನವಿಲ್ಲ.

ದಿನಾ ಮಧ್ಯಾಹ್ನ ಬರುತ್ತಾರೆ. ನಾನು ಮನಸ್ಸಿನಲ್ಲೇ ಡ್ರೈವರಮ್ಮ ಅಂತ ಹೆಸರಿಟ್ಟಿದ್ದೇನೆ. ಹಾಸಿಗೆಯ ಬಲಗಡೆ ನಮ್ಮ ಓಡಾಟ — ಟ್ರಾಲಿ, ಡ್ರಿಪ್ ಸ್ಟ್ಯಾಂಡ್. ಹಾಗಾಗಿ ಬಂದವರ ಸ್ಟೂಲು ಕಿಟಕಿ ಕಡೆಗೆ. ಅಂದರೆ ಎಡಗಡೆಗೆ. ಅಲ್ಲಿ ಕೂತು ಕಿತ್ತಳೆ ಬಿಡಿಸಿ ತೊಳೆ ತೊಳೆಯಾಗಿ ಮೇಜಿನ ಮೇಲಿಡುತ್ತಾರೆ. ಹೋಗುವಾಗ ಅಷ್ಟೂ ಅಲ್ಲೇ ಇರುತ್ತವೆ.

ಇವತ್ತು ಕಣ್ಣಾರೆ ನೋಡಿದೆ. “ರೀ” ಅಂದರು. ಡ್ರೈವರ್ ಮುಖ ತಿರುಗಿಸಿದರು, ಬಲಕ್ಕೆ, ಬಾಗಿಲ ಕಡೆಗೆ. ಮತ್ತೆ “ರೀ”. ಮತ್ತೆ ಬಾಗಿಲ ಕಡೆಗೇ. ಅಷ್ಟರಲ್ಲಿ ನಾನು ಬಲಗಡೆಯಿಂದ ಹೋದೆ. “ಬಾರಮ್ಮ ಕ್ಲೀನರ್” ಅಂತ ಮುಖ ತುಂಬ ನಗು.

ಡ್ರೈವರಮ್ಮ ಎದ್ದು ಕಾರಿಡಾರಿಗೆ ಹೋದರು. ಬೆಡ್‌ಪ್ಯಾನ್ ತೊಳೆಯುವ ನೆಪದಲ್ಲಿ ನಾನೂ ಹಿಂದೆ ಹೋದೆ. (ನೆಪವೇನಲ್ಲ, ತೊಳೆಯುವುದು ಇತ್ತು.)

“ನೋಡಿದ್ಯಲ್ಲಮ್ಮ. ಕಸ ಗುಡಿಸೋಳ ಜೊತೆ, ಪಕ್ಕದ ಬೆಡ್‌ನೋರ ಜೊತೆ, ಎಲ್ಲರ ಜೊತೆ ನಗ್ತಾರೆ. ನಾನ್ ಬಾಯ್ ಬಿಟ್ರೆ ಮುಖ ಆ ಕಡೆ.”

ಡ್ರೈವರ್ ಗೇಟಿಗೆ ವ್ಯಾನ್ ಗುದ್ದಿಕೊಂಡು ಬಂದರಂತೆ ಒಂದು ದಿನ. ಇನ್ನು ಮಾರಿಬಿಡಿ, ವಯಸ್ಸಾಯ್ತು ಅಂದರಂತೆ ಇವರು. ಅವರು ಮಾತು ಬಿಟ್ಟರು. ಮಾತು ಬಿಟ್ಟಿದ್ದಾಗಲೇ ಸ್ಟ್ರೋಕ್ ಆಗಿ ಬಿದ್ದರು.

“ಇಷ್ಟಾದ್ರೂ ಕೋಪ ಇಳಿದಿಲ್ಲ. ಸೋಮವಾರದಿಂದ ಮಗಳನ್ನ ಕಳಿಸ್ತೀನಿ. ನನ್ ಮುಖ ನೋಡಿ ಅವರ ಬಿಪಿ ಯಾಕೆ ಏರ್ಬೇಕು.”

ಕಾಯಿಲೆಯ ವಿಷಯ ಮನೆಯವರಿಗೆ ಹೇಳುವುದು ಸಿಸ್ಟರ್ ಅಥವಾ ಡಾಕ್ಟರ್, ನಾವಲ್ಲ — ಮೊದಲ ಪಾಠವೇ ಅದು. ಸಿಸ್ಟರ್ ಇವತ್ತಿನಿಂದ ಸೋಮವಾರದವರೆಗೆ ರಜೆ. ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡೆ.

ಮಾರ್ಚ್ ೭, ಶುಕ್ರವಾರ

ಬಾಯಿಗೆ ನಿಯಮ ಇದೆ. ಸ್ಟೂಲಿಗೆ ಇಲ್ಲವಲ್ಲ.

ಡ್ರೈವರಮ್ಮ ಬರುವ ಮುಂಚೆ ಸ್ಟೂಲು ಎತ್ತಿ ಬಲಗಡೆಗೆ ಇಟ್ಟೆ. ಡ್ರಿಪ್ ಸ್ಟ್ಯಾಂಡನ್ನು ಸ್ವಲ್ಪ ಹಿಂದೆ ಸರಿಸಿದೆ. ಬಂದರು, ಕೂತರು. ಡ್ರೈವರ್ ನೋಡಿದರು. ಆ ಮುಖ ಅರಳಿದ್ದು ನೋಡಬೇಕಿತ್ತು.

“ಬಂದ್ಯಾ? ಇಷ್ಟು ದಿನ ಎಲ್ ಹೋಗಿದ್ದೆ?”

“ದಿನಾ ಬಂದಿದೀನಲ್ರೀ.”

“ಸುಳ್ಳು ಹೇಳ್ಬೇಡ. ಬಂದಿದ್ರೆ ನಂಗೆ ಕಾಣ್ತಿರ್ಲಿಲ್ವಾ?”

ಡ್ರೈವರಮ್ಮ ನನ್ನ ಮುಖ ನೋಡಿದರು. ನಾನು ಥರ್ಮಾಮೀಟರ್ ಒರೆಸಿದೆ. ಕಿತ್ತಳೆಯಲ್ಲಿ ಒಂದು ತೊಳೆಯೂ ಉಳಿಯಲಿಲ್ಲ.

ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ. ಸೋಮವಾರವೂ ಅವರೇ ಬರುತ್ತಾರೆ, ನೋಡುತ್ತಿರಿ.

ಮಾರ್ಚ್ ೧೧, ಮಂಗಳವಾರ

ಬಂದರು. ಅವರು ಬಂದದ್ದರಲ್ಲಿ ತಪ್ಪಿಲ್ಲ. ತಪ್ಪೆಲ್ಲ ನನ್ನದು.

ವ್ಯಾಯಾಮ ಮಾಡಿಸುವ ಫಿಸಿಯೋ ಬೆಳಗ್ಗೆ ನೋಡಿದರು. ಮೊದಲು ‘ಎಡಕ್ಕೆ ನೋಡಿ’ ಅಂದರೆ ಡ್ರೈವರ್ ಕತ್ತು ಮೇಜಿನ ಮೇಲಿನ ನೀರಿನ ಜಗ್ಗಿನವರೆಗೆ ಬರುತ್ತಿತ್ತು. ಈಗ ತಮ್ಮದೇ ಅಂಗಿಯ ಗುಂಡಿಯ ಹತ್ತಿರ ನಿಂತುಬಿಟ್ಟಿದೆ. ಸ್ಟೂಲು ಯಾರು ಈ ಕಡೆ ಇಟ್ಟರು ಅಂತ ಕೇಳಿದರು. ಉದ್ದಜಡೆ — ನನ್ನ ಜೊತೆ ಟ್ರೈನಿಂಗಿಗೆ ಬಂದವಳು — ನೆಲ ನೋಡಿದಳು. ನಾನೇ ಅಂದೆ.

“ಯಾರನ್ನ ನೋಡೋಕೆ ಅವರಿಗೆ ತುಂಬಾ ಆಸೆಯೋ ಅವರನ್ನೇ ಬಲಗಡೆ ಕೂರಿಸಿದ್ರೆ, ಎಡಕ್ಕೆ ಯಾಕಮ್ಮ ನೋಡ್ತಾರೆ?”

ಅಷ್ಟೇ. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು.

ಎಡ ಸಿಗದಿದ್ದರೆ ಮನೆಗೆ ಕಳಿಸುವ ಹಾಗಿಲ್ಲವಂತೆ. ಬಾಗಿಲಿಗೆ ಗುದ್ದಿಕೊಳ್ಳುತ್ತಾರೆ, ಒಲೆ ಗೊತ್ತಾಗುವುದಿಲ್ಲ, ರಸ್ತೆಯ ಅರ್ಧ ಇರುವುದೇ ಇಲ್ಲ. ಅಳು ಬಂತು. ಪಾಪ ಅಂತ ಮಾಡಲು ಹೋಗಿ ಇದ್ದದ್ದನ್ನೂ ಕೆಡಿಸಿದೆ.

ಮಧ್ಯಾಹ್ನ ಸಿಸ್ಟರ್ ಡ್ರೈವರಮ್ಮನನ್ನು ಕಾರಿಡಾರಿಗೆ ಕರೆದು ಎಲ್ಲ ಹೇಳಿದರು. ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಡ್ರೈವರಮ್ಮ ಕೈಯಲ್ಲಿದ್ದ ಕಿತ್ತಳೆ ಚೀಲ ಕೆಳಗಿಟ್ಟರು.

“ಅಂದ್ರೆ, ಕೋಪ ಅಲ್ಲ.”

“ಅಲ್ಲಮ್ಮ.”

“ಆ ಕಡೆ ಕೂತ್ರೆ ಅವರ ಪಾಲಿಗೆ ನಾನ್ ಇಲ್ವೇ ಇಲ್ಲ.”

“ಸದ್ಯಕ್ಕೆ ಇಲ್ಲ. ದನಿ ಕೇಳಿದ್ರೂ ಬಾಗಿಲ ಕಡೆಯಿಂದ ಬಂತು ಅನ್ಸುತ್ತೆ, ಅಲ್ಲಿ ನೀವು ಕಾಣಲ್ಲ. ನೀವು ಅಲ್ಲಿಂದ ಕರೀತಾ ಇದ್ರೆ, ಹುಡುಕ್ತಾ ಹುಡುಕ್ತಾ...”

“ಎಷ್ಟು ದಿನ?”

“ಹೇಳೋಕಾಗಲ್ಲ. ಬೇಕಂದ್ರೆ ಸ್ವಲ್ಪ ಹೊತ್ತು ಈ ಕಡೆ, ಸ್ವಲ್ಪ ಹೊತ್ತು ಆ ಕಡೆ ಕೂತ್ಕೊಳ್ಳಿ ಅಮ್ಮ.”

“ಈ ಕಡೆ ಸಿಕ್ರೆ ಅವರು ಆ ಕಡೆ ಬರಲ್ಲ. ನಂಗೊತ್ತು ಅವರು. ಸೋಮಾರಿ.”

ಒಳಗೆ ಹೋದರು. ಡ್ರೈವರ್ ಏನೋ ಹೇಳುತ್ತಿದ್ದರು, ನಗುತ್ತಿದ್ದರು. ಡ್ರೈವರಮ್ಮ ತಾವೇ ಸ್ಟೂಲು ಎತ್ತಿಕೊಂಡು ಹಾಸಿಗೆ ಸುತ್ತಿ ಕಿಟಕಿ ಕಡೆಗೆ ಹೋದರು. ಅವರು ಕಾಲ ಬುಡ ದಾಟುವವರೆಗೆ ಡ್ರೈವರ್ ಕಣ್ಣು ಹಿಂಬಾಲಿಸಿತು. ಆಮೇಲೆ ಹಿಂಬಾಲಿಸಲು ಅಲ್ಲಿ ಯಾರೂ ಇರಲಿಲ್ಲ.

“ಹೋಗ್ಬಿಟ್ಳಾ?” ಅಂತ ನನ್ನನ್ನು ಕೇಳಿದರು.

ಮಾರ್ಚ್ ೧೩, ಗುರುವಾರ

ಡ್ರೈವರಮ್ಮನ ಕ್ಷಮೆ ಕೇಳಿದೆ. “ಬಿಡಮ್ಮ, ಒಂದು ವಾರಾಂತ್ಯ ಗಂಡ ಸಿಕ್ಕಿದ್ದ” ಅಂದರು.

ಇವತ್ತಿನದನ್ನು ಹೇಗೆ ಬರೆಯುವುದು. ಡ್ರೈವರಮ್ಮ ಎಡಗಡೆ ಕೂತಿದ್ದಾರೆ. ಕರೆದು ಕರೆದು ದಣಿದು ಸುಮ್ಮನಾಗಿದ್ದರು. ನಾನು ಬಲಗಡೆಯಿಂದ ಬಿಪಿ ನೋಡುತ್ತಿದ್ದೆ. ಡ್ರೈವರ್ ಮೆಲ್ಲಗೆ, “ಇವತ್ತೂ ಬರ್ಲಿಲ್ವಾ ಅವಳು?” ಅಂದರು.

ಇಲ್ಲೇ ಇದ್ದಾರೆ, ಎಡಕ್ಕೆ ನೋಡಿ ಅನ್ನಬೇಕು. ಬಾಯಿ ತೆರೆದೆ. ಡ್ರೈವರಮ್ಮ ತುಟಿಯ ಮೇಲೆ ಬೆರಳಿಟ್ಟರು.

“ಕೋಪ ಇರ್ಬೇಕು. ಇರುತ್ತೆ ಬಿಡು. ಗೇಟು ನಂಗೆ ಕಾಣ್ಲೇ ಇಲ್ಲಮ್ಮ ಅವತ್ತು. ಕಾಣ್ಲಿಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆ. ಅದಕ್ಕೆ ಮಾತ್ ಬಿಟ್ಟೆ. ಅವಳು ಹೇಳಿದ್ದು ಸರಿನೇ.”

ಬಿಪಿ ಎಷ್ಟು ಅಂತ ಮರೆತು ಮತ್ತೊಮ್ಮೆ ಗಾಳಿ ತುಂಬಿದೆ.

“ಒಳ್ಳೇವಳು. ಉಪ್ಪೊಂದು ಕಮ್ಮಿ ಹಾಕ್ತಾಳೆ.”

ಕಾರಿಡಾರಿನಲ್ಲಿ ಡ್ರೈವರಮ್ಮ ಕರವಸ್ತ್ರ ಬಾಯಿಗೊತ್ತಿಕೊಂಡು ನಕ್ಕರು. ಕಣ್ಣು ಒದ್ದೆ. “ಎದುರಿಗೆ ಒಂದ್ ದಿನ ಹೀಗ್ ಹೇಳಿದ ಮನುಷ್ಯ ಅಲ್ಲ. ನಾಳೆ ಏನು ಹೇಳ್ತಾರೋ ನೋಡೋಣ.” ಹಾಗೆ ಕದ್ದು ಕೇಳುವುದು ಸರಿಯೋ ತಪ್ಪೋ. ನನಗೂ ನಾಳೆ ಏನು ಹೇಳುತ್ತಾರೆ ಅಂತ ತಿಳಿಯುವ ಆಸೆ, ಇಲ್ಲ ಅನ್ನುವುದಿಲ್ಲ.

ಮನೆಗೆ ಬಂದು ನಮ್ಮವರನ್ನು ಕೇಳಿದೆ, ನಾನಿಲ್ಲದಾಗ ನನ್ನ ಬಗ್ಗೆ ಏನು ಮಾತಾಡುತ್ತೀರಿ ಅಂತ. “ನೀನು ಯಾವಾಗ ಇರಲ್ಲ?” ಅಂದರು.

ಮಾರ್ಚ್ ೧೮, ಮಂಗಳವಾರ

ಏನೂ ಆಗುತ್ತಿಲ್ಲ. ಫಿಸಿಯೋ ಮೇಜಿನ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿದ್ದಾರೆ. ಅದನ್ನು ಹುಡುಕಿದರೆ ಸಾಕು, ಮೇಜು ಅಲ್ಲಿಗೆ ಮುಗಿಯುತ್ತದೆ ಅಂತ. ಜಗ್ಗಿನವರೆಗೆ ಮತ್ತೆ ಬಂದಿದ್ದಾರೆ, ಟೇಪಿನವರೆಗೆ ಇಲ್ಲ. ನಾನು ಕೈ ಹಿಂದೆ ಕಟ್ಟಿಕೊಂಡು, ಎಡಕ್ಕೆ, ಇನ್ನೂ ಎಡಕ್ಕೆ ಅನ್ನುತ್ತೇನೆ. “ಎಡ ಮುಗೀತಮ್ಮ, ಇನ್ನೆಲ್ಲಿದೆ” ಅನ್ನುತ್ತಾರೆ.

ತಮಾಷೆ ನಿಂತಿದೆ. ನಿನ್ನೆಯಿಂದ ಊಟ ಬೇಡ ಅನ್ನುತ್ತಿದ್ದಾರೆ, ಬಲ ಅರ್ಧವನ್ನೂ. ಅವಳೇ ಬರುವುದಿಲ್ಲ, ತಿಂದೇನು ಅಂತ. ಡ್ರೈವರಮ್ಮ ಕೈಯಳತೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು, ಕರೆದು ಕರೆದು ಗಂಟಲು ಕಟ್ಟಿಹೋಗಿತ್ತು. ಇವತ್ತು ಅವರು ನಗಲಿಲ್ಲ.

ಸಿಸ್ಟರ್ ಹೇಳಿದರು, ಊಟ ಬಿಟ್ಟರೆ ಆಗುವುದಿಲ್ಲ, ಸ್ಟೂಲು ಬಲಕ್ಕೆ ತರೋಣ, ಎಡ ಆಮೇಲೆ ನೋಡೋಣ. ಡ್ರೈವರಮ್ಮ ನಾಳೆ ಒಂದು ದಿನ ಕೊಡಿ ಅಂದರು.

ನನ್ನ ಕೈ ಹೋಗಿ ಹೋಗಿ ಆ ಸ್ಟೂಲಿನ ಮೇಲೇ ಬೀಳುತ್ತಿತ್ತು. ಎತ್ತಲಿಲ್ಲ.

ಮಾರ್ಚ್ ೧೯, ಬುಧವಾರ. ಮಧ್ಯಾಹ್ನ, ಶೀಟಿನ ಕೋಣೆಯಲ್ಲಿ

ಸಂಜೆಯವರೆಗೆ ತಡೆಯಲಾರೆ. ಈಗಲೇ ಬರೆಯುತ್ತೇನೆ.

ಡ್ರೈವರಮ್ಮ ಬಂದವರೇ ನನ್ನ ಹತ್ತಿರ ಹೇಳಿದರು — ಅವರ ಮನೆ ಮುಂದಿನ ಓಣಿ ತುಂಬ ಇಕ್ಕಟ್ಟಂತೆ. ದಿನಾ ಸಂಜೆ ವ್ಯಾನ್ ರಿವರ್ಸ್ ಹಾಕಿಯೇ ಒಳಗೆ ತರಬೇಕು. ಹಿಂದೆ ನಿಂತು ದಾರಿ ಹೇಳುತ್ತಿದ್ದದ್ದು ಇವರೇ. “ನಾನು ‘ರೀ’ ಅಂದ್ರೆ ಜೀವಮಾನದಲ್ಲಿ ಒಂದ್ ಸಲ ತಿರುಗಿದವರಲ್ಲ. ಆ ಒಂದ್ ಮಾತು ಮಾತ್ರ ಕೇಳೋರು.”

ಸ್ಟೂಲಿನಲ್ಲಿ ಕೂತರು. ಅಂಗೈಯಿಂದ ಮಂಚದ ಕಂಬಿಗೆ ಎರಡೇಟು ಬಡಿದರು.

“ಬರ್ಲಿ, ಬರ್ಲಿ.”

ಡ್ರೈವರ್ ತಲೆ ಎತ್ತಿದರು. ಎಂದಿನಂತೆ ಬಾಗಿಲ ಕಡೆಗೆ ಹೊರಟರು.

“ಆ ಕಡೆ ಅಲ್ಲ. ಎಡಕ್ಕೆ. ಎಡಕ್ಕೆ ತಗೊಳ್ಳಿ. ಬರ್ಲಿ.”

ಕತ್ತು ನಿಂತಿತು. ಬಲಗೈ ಹೊದಿಕೆಯ ಮೇಲೆ ತನ್ನಷ್ಟಕ್ಕೆ ತಿರುಗತೊಡಗಿತು, ಸ್ಟೇರಿಂಗ್ ಹಿಡಿದ ಹಾಗೆ. ಅದರ ಜೊತೆ ಕತ್ತೂ ಹೊರಟಿತು. ಗುಂಡಿ. ಜಗ್ಗು. ನಾನು ಊಟದ ತಟ್ಟೆ ಹಿಡಿದು ನಿಂತೇ ಇದ್ದೆ.

“ಜಾಗ ಇದೆ, ಬನ್ನಿ. ಇನ್ನೂ ಎಡಕ್ಕೆ. ನಿಧಾನ.”

ಟೇಪು ದಾಟಿದರು. ಕಿತ್ತಳೆ ಸಿಪ್ಪೆ ದಾಟಿದರು. ಕಂಬಿಯ ಮೇಲಿದ್ದ ಡ್ರೈವರಮ್ಮನ ಕೈ ಕಂಡಿತು, ಅಲ್ಲೇ ನಿಂತರು.

“ಬರ್ಲಿ... ಬರ್ಲಿ...” ದನಿ ಒಡೆದುಹೋಗಿತ್ತು, ಆದರೂ ಅದನ್ನೇ ಹೇಳುತ್ತಿದ್ದರು. ಡ್ರೈವರ್ ಕಣ್ಣು ತೋಳು ಹಿಡಿದು ಮೇಲೆ ಹೋಯಿತು. ಮುಖ ಸಿಕ್ಕಿತು. ಡ್ರೈವರಮ್ಮ ಇನ್ನೂ “ಬರ್ಲಿ, ಬರ್ಲಿ” ಅನ್ನುತ್ತಲೇ ಇದ್ದಾರೆ.

“ಸಾಕು ಅನ್ನೇ” ಅಂದರು ಡ್ರೈವರ್. “ಗುದ್ದಿಬಿಡ್ತೀನಿ.”

ಡ್ರೈವರಮ್ಮನ ಬಾಯಿಂದ ‘ಸಾಕು’ ಬರಲಿಲ್ಲ. ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೊಟ್ಟೆ ಎಡಗಡೆಗೇ ಬರುವ ಹಾಗೆ ಇಟ್ಟು, ಕೈ ಹಿಂದೆ ಕಟ್ಟಿಕೊಂಡೆ. ಆಗ ಡ್ರೈವರ್ ಎಡಕ್ಕೇ ಕೈ ಚಾಚಿ ಮೊಟ್ಟೆ ತೆಗೆದುಕೊಂಡರು, “ಇವತ್ತಾದ್ರೂ ಕೊಟ್ಯಲ್ಲಮ್ಮ ಕ್ಲೀನರ್” ಅಂದರು.