ಹಾರದ ಚಿಟ್ಟೆಗಳ ಪಾಠ

ಸುಗಟೂರು
19 ಡಿಸೆಂಬರ್ 2024

ಗೆಳೆಯ ರಹಮತ್ತುಲ್ಲಾನಿಗೆ ಪೆದ್ದಪ್ಪ ಮಾಡುವ ಸಲಾಮು.

ರೇಷ್ಮೆಗೂಡಿನ ವ್ಯಾಪಾರ ಹೇಗಿದೆ? ನಂಗಲಿಗೆ, ನಿಮ್ಮನೆಗೆ ಬರ್ತೀನಿ ಅಂದವನು ಬರಲಿಲ್ಲ, ಬೈಕೋಬೇಡ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕ್ತೀಯ, ಅದಕ್ಕೇ ಈ ಕಾಗದ. ವಿಷಯ ನಿನ್ನ ಮಗಳು ಬುಶ್ರಾದು.

ಇದನ್ನು ನನಗೆ ಮೊದಲು ಹೇಳಿದ್ದು ಅವಳು ಪಾಠ ಮಾಡೋ ಶಾಲೆಯಲ್ಲಿ ಬಿಸಿಯೂಟ ಮಾಡುವ ಭಾರತಮ್ಮ, ಹೋದ ಶನಿವಾರ, ಬಸ್ಸಿನಲ್ಲಿ. ಬುಶ್ರಾ ಜೀವವಿಕಾಸದ ಪಾಠ ಮಾಡಿದ್ದಾಳೆ. ಚಂದನ ಅನ್ನೋ ಹುಡುಗಿ ಮನೆಗೆ ಹೋಗಿ, ನಾವೂ ಕೋತಿಗಳೂ ಒಂದೇ ಬುಡದಿಂದ ಕವಲೊಡೆದವರು ಅಂದಿದ್ದಾಳೆ. ಅವಳಪ್ಪ ಚನ್ನರಾಯಪ್ಪ ಶಾಲಾ ಸಮಿತಿ ಅಧ್ಯಕ್ಷ. ಪಾಠ ನಿಲ್ಲಬೇಕು, ಇಲ್ಲ ಮೇಡಂ ಬೇರೆ ಊರಿಗೆ ಹೋಗಬೇಕು ಅಂತ ದೂರು ಕೊಟ್ಟು, ಸೋಮವಾರ ಸಭೆ ಕರೆದ.

ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಪಾಠಕ್ಕೆ ಯಾರೇ ಅಡ್ಡ ಬಂದರೂ ಮೇಷ್ಟರ ಪಕ್ಕ ನಿಲ್ಲೋದು ನಮ್ಮ ವಿಜ್ಞಾನ ಬಳಗದ ಕೆಲಸ. ನಾನೂ ಕೋಲಾರದಿಂದ ಬಂದ ಬಳಗದ ಸುನಂದಳೂ ಹೋದೆವು. ಸುನಂದ ಕಾನೂನು ಹೇಳೋಕೆ ಬಾಯಿ ತೆರೆದಳು. ಹಿಂದಿನಿಂದ ಯಾರೋ, ಕೋಲಾರದ ಬಸ್ಸು ಹೊರಡ್ತಾ ಇದೆ, ಹತ್ಕೊಳ್ಳಮ್ಮ ಅಂದರು. ಎಲ್ಲ ನಕ್ಕರು. ಊರೂರಲ್ಲಿ ಕಥೆ ಹೇಳೋ ನಾನೂ ನೆಲ ನೋಡ್ತಾ ಕೂತೆ.

ಆಗ ಬುಶ್ರಾ ಎದ್ದು ಡಬ್ಬಿಯೊಂದನ್ನು ಮೇಜಿನ ಮೇಲೆ ಬಗ್ಗಿಸಿದಳು. ಬೆಳ್ಳನೆ ರೇಷ್ಮೆ ಚಿಟ್ಟೆಗಳು. ಅಲ್ಲಿದ್ದವರೆಲ್ಲ ರೇಷ್ಮೆ ಬೆಳೆಯೋರೇ, ಆದರೆ ಗೂಡಾದ ಕೂಡಲೇ ಮಾರ್ಕೆಟ್ಟಿಗೆ ಹಾಕೋ ನಮ್ಮವರು ಚಿಟ್ಟೆ ನೋಡೋದೇ ಅಪರೂಪ. ಅವು ರೆಕ್ಕೆ ಬಡಿದವು, ಒಂದೂ ಮೇಲೇಳಲಿಲ್ಲ.

ಚನ್ನರಾಯಪ್ಪ ಬಗ್ಗಿ ನೋಡಿದ. "ಇವಕ್ಕೇನು ರೋಗಾನಾ?"

"ಇಲ್ಲಣ್ಣ. ಕಾಡಲ್ಲಿರೋ ಇವುಗಳ ನೆಂಟರು ಹಾರ್ತಾರೆ. ಜಾಸ್ತಿ ನೂಲು ಕೊಡೋದನ್ನೇ ಮನುಷ್ಯರು ತಲೆತಲಾಂತರ ಆರಿಸಿ ಆರಿಸಿ ಸಾಕಿದ್ರು. ಹಾರೋದು ಹೋಯ್ತು. ಬಿಸಿಲು, ಬರ, ರೋಗ ಲಕ್ಷಾಂತರ ವರ್ಷ ಹೀಗೇ ಆರಿಸ್ತಾ ಬಂದ್ರೆ ಜೀವಿಗಳೇ ಬದಲಾಗಲ್ವಾ? ಪಾಠ ಇಷ್ಟೇ."

ಚನ್ನರಾಯಪ್ಪ ಒಂದು ಚಿಟ್ಟೆಯನ್ನು ಬೆರಳಿಂದ ತಳ್ಳಿ ನೋಡಿದ. "ಸರಿ ಬಿಡಮ್ಮ, ಚಿಟ್ಟೆದು ಹೇಳ್ಕೊಡು. ಕೋತೀದು ಬಿಟ್ಬಿಡು."

"ಅರ್ಧ ಪಾಠ ಮಾಡಲ್ಲಣ್ಣ. ಬೇಕಾದ್ರೆ ನನ್ನನ್ನ ಬೇರೆ ಊರಿಗೆ ಹಾಕ್ಸಿ."

ತೀರ್ಮಾನವಾಗದೆ ಎಲ್ಲರೂ ಎದ್ದರು. ಮಾರನೇ ಬೆಳಗ್ಗೆ ಅರ್ಧ ತರಗತಿ ಖಾಲಿ. ಬೆಲ್ಲು ಹೊಡೆದ ಮೇಲೆ ಚನ್ನರಾಯಪ್ಪ ಮಗಳನ್ನು ಬೈಕಿನಲ್ಲಿ ತಂದು ಬಿಟ್ಟ. ಹೊರಡಲಿಲ್ಲ. ಕಿಟಕಿ ಪಕ್ಕ ನಿಂತು, ಕೈ ಕಟ್ಟಿಕೊಂಡು, ಕೋತೀದೂ ಸೇರಿ ಪೂರ್ತಿ ಕೇಳಿದ. ದೂರು ಮಾತ್ರ ಇನ್ನೂ ವಾಪಸ್ ತಗೊಂಡಿಲ್ಲ.

ಹಜೀರಾ ತಂಗಿಗೆ ನನ್ನ ನಮಸ್ಕಾರ. ಮನೆಯವರೆಲ್ಲ ತಣ್ಣಗಿರಿ.

ನಿನ್ನ
ಪೆದ್ದಪ್ಪ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಏಳೋ ಹೊತ್ತಿಗೆ ಚನ್ನರಾಯಪ್ಪ, "ನಿಮ್ಮಪ್ಪನೇ ಮಾರ್ಕೆಟ್ಟಲ್ಲಿ ಅಂದ್ರಲ್ಲಮ್ಮ, ಆ ಪಾಠ ನಿಲ್ಸಿ, ನಾನೂ ನಿಮ್ಮ ಕಡೆ ಅಂತ" ಅಂದ. ಅಷ್ಟು ಜನರ ಎದುರು ನಿಂತಿದ್ದ ಹುಡುಗಿ ಆಗ ಕೂತಳು. ಆಮೇಲೆ ಒಂದೊಂದೇ ಚಿಟ್ಟೆಯನ್ನು ಡಬ್ಬಿಗೆ ಹಾಕ್ತಾ, "ಇದು ನಂಗೆ ಗೊತ್ತಾಯ್ತು ಅಂತ ಅಬ್ಬಾಗೆ ಹೇಳ್ಬೇಡಿ ಚಾಚಾ, ನೊಂದ್ಕೋತಾರೆ" ಅಂದಳು. ನಾನು ಹೂಂ ಅಂದಿದ್ದೆ ಕಣೋ.