ಟಗರಿಗೆ ಗಾಳಿ ಹಾಕಿದ್ದು

೧೪ ಮೇ ೧೯೮೯, ರವಿವಾರ

ತಂಗಿ ಗದ್ದೆಮ್ಮನ ಸಂಬಂಧ ಇಂದು ಟಗರಿನ ತೊಡೆಗೆ ನೇತುಬಿದ್ದಿತ್ತು! ಅವಳನ್ನು ನೋಡಲು ಹಟ್ಟಿಯಿಂದ ಬರಬೇಕಿದ್ದವರ ಬಸ್ಸು ದಾರಿಯಲ್ಲಿ ಕೆಟ್ಟಿತು. ಟಗರು ಆಗಲೇ ಕೊಯ್ದಾಗಿತ್ತು. ಬೀಗರು ಬರದೆ ಒಲೆಗೇರಿಸಬಾರದೆಂದು ಅವ್ವನ ಹಟ. ಈ ಬಿಸಿಲಲ್ಲಿ ಖಂಡ ಕೆಟ್ಟರೆ ಮಾನವೂ ಕೆಟ್ಟಂತೆ. ನಾನು ಖಂಡದ ಬುಟ್ಟಿ ಮುಚ್ಚಲು ಹೋದೆ.

"ಕೊಯ್ದ ಬಿಸಿ ಆರೂಮಟ ಮುಚ್ಚಬ್ಯಾಡಲೇ, ನಾರತೈತಿ!" ಎಂದು ಗದರಿದ ಅವ್ವ, ತುಂಡುಗಳನ್ನು ಒಂದಕ್ಕೊಂದು ತಾಕದಂತೆ ಬೇವಿನ ನೆರಳಿಗೆ ನೇತುಹಾಕಿಸಿದಳು. ನಾನು ಬೀಸಣಿಗೆ ಹಿಡಿದು ಕೂತೆ.

"ಸತ್ತ ಟಗರಿಗೆ ಗಾಳಿ ಹಾಕಾಕತ್ತೀರಲ್ರೀ ಮಾಸ್ತರ, ಹೆಂಡ್ತಿಗೆ ಎಂದರ ಹಾಕೀರೇನು?" ಎಂದ ನೆರೆಮನೆಯ ದುರುಗಪ್ಪ.

ಮಧ್ಯಾಹ್ನ ಇಳಿದ ಮೇಲೆ ಬೀಗರು ಬಂದರು. ಸಾರು ಘಮಘಮ! ಹುಡುಗನ ಅಪ್ಪ ಎಲುಬು ಚೀಪುತ್ತಲೇ, "ಹುಡುಗಿ ನಮ್ಮಾಕಿನ ಆದ್ಳು, ಇನ್ನೊಂದೀಟು ಸಾರು ಹಾಕ್ರಿ" ಎಂದರು. ಒಳಗಿನಿಂದ ಗದ್ದೆಮ್ಮ ಕಿಸಕ್ಕನೆ ನಕ್ಕದ್ದು ಈಗಲೂ ಕಿವಿಯಲ್ಲಿ...