ಒದ್ದೆಯಾದದ್ದು ಅಪ್ಪನ ಕಾಲಿನಿಂದ

ತಮ್ಮಾ,

ನಾನು ಕೆಲಸಕ್ಕೆ ಹೊರಟೆ. ಎದ್ದ ಕೂಡಲೇ ಮೊದಲು ಇದನ್ನು ಓದು.

ನಿನ್ನೆ "ಮತ್ತೆ ಹಾಸಿಗೆ ಒದ್ದೆ ಮಾಡ್ಕೊಂಡ್ರಾ?" ಎಂದು ಅಪ್ಪನ ಮೇಲೆ ರೇಗಿದೆಯಲ್ಲ, ಅದು ಉಚ್ಚೆಯಲ್ಲ. ಇವತ್ತು ಬೆಳಿಗ್ಗೆ ಬಂದ ನರ್ಸಮ್ಮ ಹೊದಿಕೆ ಸರಿಸಿ ತೋರಿಸಿದರು. ಹೃದಯ ಸೋತು ಕಾಲು ಊದಿದೆ. ಬಿಗಿದ ಚರ್ಮದಿಂದ ನೀರು ಜಿನುಗುತ್ತಿದೆ.

ನರ್ಸಮ್ಮ ಕಾಲಿಗೆ ಸುತ್ತಿರುವ ಪಟ್ಟಿ ಮಧ್ಯಾಹ್ನ ನೆನೆದಿದ್ದರೆ ಬದಲಿಸು. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಉಜ್ಜದೆ ಮೆಲ್ಲಗೆ ಒತ್ತಿ ಒರೆಸು. ಗುಳ್ಳೆ ಎದ್ದಿದ್ದರೆ ಒಡೆಯಬೇಡ. ಕಾಲಿನ ಕೆಳಗೆ ಎರಡು ದಿಂಬಿರಲಿ. ಒಂದು ನಿನ್ನದೇ, ಗೊಣಗಬೇಡ. ಕಾಲು ಕೆಂಪಾಗಿ ಬಿಸಿಯಾದರೆ ನರ್ಸಮ್ಮನಿಗೆ ಫೋನ್ ಮಾಡು. ನನ್ನ ದಾರಿ ಕಾಯಬೇಡ.

ಇನ್ನೊಂದು ಮಾತು. ನೀನು ಗದರಿದ ಮೇಲೆ ಅಪ್ಪ ಹನಿ ನೀರು ಮುಟ್ಟಿರಲಿಲ್ಲ. ಕೇಳಿದ್ದಕ್ಕೆ "ಕುಡಿದ್ರೆ ತಾನೆ ಒದ್ದೆಯಾಗೋದು" ಎಂದರು. ಸೋರುತ್ತಿರುವುದು ಕಾಲು ಎಂದು ಬಿಡಿಸಿ ಹೇಳಿದೆ. "ಅವನಿಗೂ ಹೇಳಮ್ಮ" ಎಂದರು.

ನನ್ನ ಬಲವಂತಕ್ಕೆ ಅರ್ಧ ಲೋಟ ಕುಡಿದಿದ್ದಾರೆ. ಉಳಿದರ್ಧ ಮಂಚದ ಪಕ್ಕದಲ್ಲಿದೆ. ಅದನ್ನು ನೀನೇ ಕುಡಿಸಬೇಕು.

ಅಕ್ಕ